ಮಿಶ್ರಲೋಹದ ನ್ಯಾನೋಕಣ ರೂಪುಗೊಳ್ಳುವುದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುವುದು ಹೇಗೆ: ಪುಣೆ, ಮುಂಬೈಯ ಕನ್ನಡದ ವಿದ್ಯಾರ್ಥಿಗಳಿಗೆ

ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯಿಂದ ಎಂ.ಎಸ್ಸಿ. ಮುಗಿಸಿ ಪುಣೆಗೋ ಮುಂಬೈಗೋ ಸಂಶೋಧನೆಗೆ ಬರುವವರು ಪ್ರತಿ ವರ್ಷ ಸಿಗುತ್ತಾರೆ. ಅವರಲ್ಲಿ ಲೋಹದ ನ್ಯಾನೋಕಣ ಮಾಡುವವರು ಜಾಸ್ತಿ. "ಟಿಇಎಂ ಸ್ಲಾಟ್ ಸಿಕ್ಕಿದೆ, ಒಳಗೆ ಹೋಗಿ ಏನು ನೋಡಬೇಕು?" ಎಂದು ಕೇಳುತ್ತಾರೆ (ಟಿಇಎಂ ಅಂದರೆ ಸ್ಯಾಂಪಲ್ಲಿನ ಮೂಲಕ ಎಲೆಕ್ಟ್ರಾನ್ ಕಿರಣ ಹಾಯಿಸಿ ಚಿತ್ರ ತೆಗೆಯುವ ಮೈಕ್ರೋಸ್ಕೋಪ್). ಸ್ಲಾಟ್ ಬುಕ್ ಮಾಡುವ ಮೊದಲೇ ಇದಕ್ಕೆ ಉತ್ತರ ನಿಮ್ಮ ಹತ್ತಿರ ಇರಬೇಕು. ದುಂಡಗಿನ ಕಪ್ಪು ಚುಕ್ಕೆಗಳ ಚೆಂದದ ಚಿತ್ರ ತಂದರೆ ಅದು ಮಿಶ್ರಲೋಹ ಎಂದು ಸಾಬೀತಾಗುವುದಿಲ್ಲ. ಅದು ಹೇಗೆ ಹುಟ್ಟಿತು ಎಂದಂತೂ ಗೊತ್ತಾಗುವುದೇ ಇಲ್ಲ. ಎರಡಕ್ಕೂ ಬೇರೆ ಬೇರೆ ತಯಾರಿ ಬೇಕು. ಅರ್ಧಕ್ಕಿಂತ ಹೆಚ್ಚು ಕೆಲಸ ಮೈಕ್ರೋಸ್ಕೋಪಿನ ಕೋಣೆಯ ಹೊರಗೇ ನಡೆಯುತ್ತದೆ.

ಉದಾಹರಣೆಗೆ ಚಿನ್ನ-ಬೆಳ್ಳಿಯ ಜೋಡಿಯನ್ನೇ ಇಟ್ಟುಕೊಳ್ಳೋಣ. ಮಾಡುವುದು ಸುಲಭ, ಬಣ್ಣವೇ ಅರ್ಧ ಕಥೆ ಹೇಳುತ್ತದೆ, ಮೋಸ ಹೋಗುವ ಜಾಗಗಳೂ ಇದರಲ್ಲಿ ಸಾಕಷ್ಟಿವೆ.

ಮೊದಲು ಪ್ರಶ್ನೆಯನ್ನು ಸ್ಪಷ್ಟ ಮಾಡಿಕೊಳ್ಳಿ

ಎರಡು ಲೋಹಗಳ ಲವಣ ಹಾಕಿ ಕುದಿಸಿದರೆ ಮೂರು ಬಗೆಯ ಫಲ ಸಿಗಬಹುದು. ಚಿನ್ನದ ಕಣ ಬೇರೆ, ಬೆಳ್ಳಿಯ ಕಣ ಬೇರೆ ಆಗಿ ಒಂದೇ ನೀರಿನಲ್ಲಿ ತೇಲುತ್ತಿರಬಹುದು. ಚಿನ್ನದ ತಿರುಳಿನ ಮೇಲೆ ಬೆಳ್ಳಿಯ ಸಿಪ್ಪೆ ಕೂತಿರಬಹುದು. ಅಥವಾ ಒಂದೇ ಕಣದಲ್ಲಿ ಎರಡರ ಪರಮಾಣುಗಳೂ ಬೆರೆತಿರಬಹುದು. ಮೂರನೆಯದು ಮಾತ್ರ ಮಿಶ್ರಲೋಹ. ಬೀದರಿನ ಬಿದರಿ ಕೆಲಸ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೂಜಿಯ ಮೈ ಸತು-ತಾಮ್ರದ ಎರಕ, ಅಲ್ಲಿ ಎರಡೂ ಬೆರೆತುಹೋಗಿವೆ. ಅದರ ಮೇಲೆ ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿದಿರುತ್ತದೆ.

ಪುಣೆಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಪಾಷಾಣ ರಸ್ತೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದಲ್ಲಿ, ಅಂದರೆ ಎಲ್ಲರೂ ಎನ್‌ಸಿಎಲ್ ಅನ್ನುವ ಸಂಸ್ಥೆಯಲ್ಲಿ, ಮುರಳಿ ಶಾಸ್ತ್ರಿ ಅವರ ತಂಡ 2004ರಲ್ಲಿ ಬೇವಿನ ಎಲೆಯ ಕಷಾಯ ಬಳಸಿ ಚಿನ್ನದ ತಿರುಳು, ಬೆಳ್ಳಿಯ ಸಿಪ್ಪೆ ಇರುವ ಕಣಗಳನ್ನು ಮಾಡಿತು. ಮರುವರ್ಷ ಅಲ್ಲಿಂದಲೇ ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಚಿನ್ನ-ಬೆಳ್ಳಿಯ ಮಿಶ್ರಲೋಹದ ಕಣಗಳು ಬಂದವು. ಅದೇ ಎರಡು ಲೋಹ, ಅದೇ ಊರು. ಅಪಕರ್ಷಣೆ, ಅಂದರೆ ಅಯಾನು ಎಲೆಕ್ಟ್ರಾನ್ ಪಡೆದು ಲೋಹವಾಗುವುದು, ನಡೆದ ರೀತಿ ಬೇರೆ, ಅದಕ್ಕೇ ಕಣದ ಒಳರಚನೆಯೂ ಬೇರೆ. ಹಾಗಾಗಿ ಕೊನೆಯ ಕಣವನ್ನು ಮಾತ್ರ ನೋಡಿದರೆ ಸಾಲದು, ದಾರಿಯನ್ನೂ ನೋಡಬೇಕು.

ದಾರಿ ಯಾಕೆ ಮುಖ್ಯ ಅಂದರೆ, ಚಿನ್ನದ ಕ್ಲೋರೈಡ್ ಅಯಾನಿನ ಪ್ರಮಾಣಿತ ವಿಭವ (ಎಲೆಕ್ಟ್ರಾನ್ ಪಡೆದು ಲೋಹವಾಗುವ ಒಲವಿನ ಅಳತೆ) ಸುಮಾರು 1.0 ವೋಲ್ಟ್, ಬೆಳ್ಳಿ ಅಯಾನಿನದು 0.8 ವೋಲ್ಟ್. ಚಿನ್ನ ಮೊದಲು ಲೋಹವಾಗಲು ಬಯಸುತ್ತದೆ. ಅಪಕರ್ಷಕ ಸೌಮ್ಯವಾಗಿದ್ದರೆ ಮೊದಲ ನಿಮಿಷದ ಕಣದಲ್ಲಿ ಚಿನ್ನ ಜಾಸ್ತಿ ಇರುತ್ತದೆ, ಬೆಳ್ಳಿ ನಂತರ ಸೇರುತ್ತದೆ. ನೀವು ಹಿಡಿಯಬೇಕಾದದ್ದು ಇದನ್ನೇ.

ಕಣ ಮಾಡುವಾಗಲೇ ಸಮಯವನ್ನು ಹಿಡಿಯಿರಿ

ಗಾಜಿನ ಪಾತ್ರೆಗಳನ್ನು ಆಕ್ವಾ ರೀಜಿಯಾದಿಂದ ತೊಳೆಯಿರಿ. ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್ ಆಮ್ಲ. ಫ್ಯೂಮ್ ಹುಡ್ ಒಳಗೆ, ಕೈಗವಸು, ಕನ್ನಡಕ ಹಾಕಿಕೊಂಡೇ ಮಾಡಬೇಕು. ಉಳಿದದ್ದನ್ನು ಯಾವತ್ತೂ ಬಿಗಿಯಾಗಿ ಮುಚ್ಚಿ ಇಡಬೇಡಿ, ಅನಿಲ ತುಂಬಿ ಬಾಟಲಿ ಸಿಡಿಯುತ್ತದೆ. ಆಮೇಲೆ ಡಿಅಯನೀಕೃತ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕ್ಲೋರೈಡ್ ಸ್ವಲ್ಪ ಉಳಿದರೂ ಬೆಳ್ಳಿ ಅದನ್ನು ಹಿಡಿದುಕೊಂಡು ಸಿಲ್ವರ್ ಕ್ಲೋರೈಡ್ ಆಗುತ್ತದೆ.

ಈ ಕ್ಲೋರೈಡ್‌ನಿಂದ ಪೂರ್ತಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಚಿನ್ನದ ಲವಣದಲ್ಲೇ ಒಂದು ಚಿನ್ನಕ್ಕೆ ನಾಲ್ಕು ಕ್ಲೋರೈಡ್ ಇವೆ. ಅದಕ್ಕೇ ದ್ರಾವಣ ತೆಳುವಾಗಿರಬೇಕು. ಶುರುವಿಗೆ ಒಟ್ಟು ಲೋಹ 0.25 ಮಿಲಿಮೋಲಾರ್, ಅದರಲ್ಲಿ ಬೆಳ್ಳಿ ಕಾಲು ಪಾಲು ಇಟ್ಟುಕೊಳ್ಳಿ. 100 ಮಿಲಿಲೀಟರ್ ಕುದಿಯುವ ನೀರಿಗೆ 10 ಮಿಲಿಮೋಲಾರ್ ಕ್ಲೋರೋಆರಿಕ್ ಆಮ್ಲ 1.9 ಮಿಲಿಲೀಟರ್, ಅಷ್ಟೇ ಸಾಂದ್ರತೆಯ ಸಿಲ್ವರ್ ನೈಟ್ರೇಟ್ 0.6 ಮಿಲಿಲೀಟರ್. ಎರಡನ್ನೂ ಮೊದಲೇ ಒಂದು ಬಾಟಲಿಯಲ್ಲಿ ಬೆರೆಸಿಡಬೇಡಿ. ಚೆನ್ನಾಗಿ ಕಲಕುತ್ತಿರುವಾಗ ಶೇಕಡಾ 1ರ ಸೋಡಿಯಂ ಸಿಟ್ರೇಟ್ 4 ಮಿಲಿಲೀಟರ್ ಒಮ್ಮೆಲೇ ಹಾಕಿ. ಇಲ್ಲಿ ಅಪಕರ್ಷಕ ಇದೇ. ಬಿಳಿ ಮಬ್ಬು ಕಂಡರೆ ಅಲ್ಲಿಗೇ ನಿಲ್ಲಿಸಿ, ಇನ್ನೂ ತೆಳು ಮಾಡಿ ಮತ್ತೆ ಶುರು ಮಾಡಿ. ಆ ಮಬ್ಬಿನ ಸ್ಯಾಂಪಲ್ ಟಿಇಎಂ ತನಕ ಹೋಗಬಾರದು.

ಸಿಟ್ರೇಟ್ ಹಾಕಿದ ಕ್ಷಣ ಗಡಿಯಾರ ಶುರು. 1, 2, 4, 8, 16 ನಿಮಿಷಕ್ಕೆ ಒಂದೊಂದು ಮಿಲಿಲೀಟರ್ ತೆಗೆದು, ಮಂಜುಗಡ್ಡೆಯಲ್ಲಿಟ್ಟ ಪುಟ್ಟ ಟ್ಯೂಬಿಗೆ ಹಾಕಿ. ಹೀಗೆ ದುಪ್ಪಟ್ಟಾಗುವ ಅಂತರ ಇಡುವುದು ಒಳ್ಳೆಯದು, ಯಾಕೆಂದರೆ ಬದಲಾವಣೆಯೆಲ್ಲ ಮೊದಲ ನಿಮಿಷಗಳಲ್ಲಿ ಆಗುತ್ತದೆ. ತಣ್ಣಗಾದರೆ ಕ್ರಿಯೆ ನಿಧಾನವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಹಾಗಾಗಿ ಪಕ್ಕದಲ್ಲೇ ಟಿಇಎಂಗೆ ಸ್ಯಾಂಪಲ್ ಇಡುವ ಪುಟ್ಟ ಗ್ರಿಡ್‌ಗಳನ್ನು ಸಾಲಾಗಿ ಇಟ್ಟುಕೊಂಡು, ಆಗಲೇ ಹನಿ ಹಾಕಿಬಿಡಿ. ಇದಕ್ಕೆ ಇಬ್ಬರು ಬೇಕು. ಒಬ್ಬರು ಪಿಪೆಟ್ ಹಿಡಿಯಲಿ, ಇನ್ನೊಬ್ಬರು ಗ್ರಿಡ್ ಮತ್ತು ನೋಟ್‌ಬುಕ್ ನೋಡಿಕೊಳ್ಳಲಿ.

ಯುವಿ-ವಿಸಿಬಲ್ ಇಲ್ಲದೆ ಸ್ಲಾಟ್ ಕೇಳಬೇಡಿ

ಪ್ರತಿ ಟ್ಯೂಬಿನಲ್ಲಿ ಉಳಿದ ದ್ರಾವಣದ ಬೆಳಕಿನ ಹೀರಿಕೆಯನ್ನು ಯುವಿ-ವಿಸಿಬಲ್ ಉಪಕರಣದಲ್ಲಿ ಅದೇ ದಿನ ಅಳೆಯಿರಿ. ಸಣ್ಣ ಚಿನ್ನದ ಕಣ 520 ನ್ಯಾನೋಮೀಟರ್ ಸುತ್ತ, ಬೆಳ್ಳಿಯದು 400ರ ಸುತ್ತ ಶಿಖರ ತೋರಿಸುತ್ತದೆ. ಎರಡೂ ಬೇರೆ ಬೇರೆ ಕಣಗಳಾಗಿದ್ದರೆ ಎರಡು ಶಿಖರ. ಮಿಶ್ರಲೋಹವಾದರೆ ನಡುವೆ ಒಂದೇ ಶಿಖರ, ಅದು ಬೆಳ್ಳಿ ಜಾಸ್ತಿಯಾದಂತೆ 400ರ ಕಡೆ ಸರಿಯುತ್ತದೆ. ಮೇಲಿನ ಅಳತೆಗೆ 490ರ ಆಸುಪಾಸು ಬರಬೇಕು. ಒಂದೇ ಶಿಖರ ಬಂತು ಅಂತ ಮಿಶ್ರಲೋಹ ಎಂದು ಬರೆದುಬಿಡಬೇಡಿ. ತೆಳ್ಳಗಿನ ಸಿಪ್ಪೆ ಇದ್ದರೂ ಒಂದೇ ಶಿಖರ ಕಾಣಬಹುದು. ಎರಡು ಶಿಖರ ಬಂದರೆ ಮಾತ್ರ ಆ ಸ್ಯಾಂಪಲ್ ಬದಿಗಿಡಿ. ಟಿಇಎಂ ಸಮಯ ಉಳಿಯಿತು.

ಗ್ರಿಡ್: ಇಲ್ಲಿ ಅವಸರ ಬೇಡ

ಗ್ರಿಡ್ ಅಂದರೆ 3 ಮಿಲಿಮೀಟರ್ ಅಗಲದ ಲೋಹದ ಜಾಲರಿ, ಮೇಲೆ ತೆಳ್ಳಗಿನ ಕಾರ್ಬನ್ ಪದರ. ಚಿನ್ನ-ಬೆಳ್ಳಿಗೆ ತಾಮ್ರದ ಗ್ರಿಡ್ ಸಾಕು. ನಿಮ್ಮ ಮಿಶ್ರಲೋಹದಲ್ಲೇ ತಾಮ್ರ ಇದ್ದರೆ ತಾಮ್ರದ ಗ್ರಿಡ್ ಬೇಡವೇ ಬೇಡ. ಜಾಲರಿಯಿಂದ ಬರುವ ತಾಮ್ರದ ಎಕ್ಸ್-ರೇ 8.04 ಕಿಲೋ ಎಲೆಕ್ಟ್ರಾನ್‌ವೋಲ್ಟಿನಲ್ಲಿ ಎದ್ದು ನಿಂತು, ಕಣದಲ್ಲಿ ತಾಮ್ರ ಎಷ್ಟಿದೆ ಎಂದು ಹೇಳಲು ಬಿಡುವುದಿಲ್ಲ. ಮಾಲಿಬ್ಡಿನಂ ಗ್ರಿಡ್ ತರಿಸಿ.

ಕಾರ್ಬನ್ ಪದರಕ್ಕೆ ನೀರು ಅಂಟುವುದಿಲ್ಲ. ಪ್ಲಾಸ್ಮಾ ಕ್ಲೀನರ್ ಅಥವಾ ಗ್ಲೋ ಡಿಸ್ಚಾರ್ಜ್‌ನಲ್ಲಿ ಕೆಲವು ಸೆಕೆಂಡು ಇಟ್ಟರೆ ಹನಿ ಹರಡಿಕೊಳ್ಳುತ್ತದೆ. ಕಾರ್ಬನ್ ಇರುವ ಬದಿ ಮೇಲಕ್ಕೆ ಇರಲಿ. 3ರಿಂದ 5 ಮೈಕ್ರೋಲೀಟರ್ ಹನಿ ಹಾಕಿ, ಒಂದೆರಡು ನಿಮಿಷ ಬಿಟ್ಟು, ಫಿಲ್ಟರ್ ಪೇಪರಿನ ಅಂಚಿನಿಂದ ಹೀರಿ ತೆಗೆಯಿರಿ. ತಕ್ಷಣ ಒಂದು ಹನಿ ಶುದ್ಧ ನೀರು ಹಾಕಿ ಅದನ್ನೂ ಹೀರಿ. ಹನಿಯನ್ನು ಹಾಗೇ ಒಣಗಲು ಬಿಟ್ಟರೆ ಕಣಗಳೆಲ್ಲ ಅಂಚಿಗೆ ಹೋಗಿ ಉಂಗುರವಾಗಿ ಗುಂಪುಗೂಡುತ್ತವೆ, ಸಿಟ್ರೇಟ್ ಹರಳುಗಟ್ಟುತ್ತದೆ. ಆಮೇಲೆ ಚಿತ್ರ ನೋಡಿ "ನಮ್ಮ ಕಣ ಅಂಟಿಕೊಂಡಿವೆ" ಎಂದು ಬೇಜಾರಾಗುತ್ತದೆ. ಅವು ದ್ರಾವಣದಲ್ಲಿ ಅಂಟಿಕೊಂಡಿರಲಿಲ್ಲ, ಗ್ರಿಡ್ ಮೇಲೆ ಒಣಗುವಾಗ ಅಂಟಿಕೊಂಡವು.

ಜೂನ್‌ನಿಂದ ಸೆಪ್ಟೆಂಬರ್ ತನಕ ಪುಣೆಯಲ್ಲಿ, ಮುಂಬೈಯಲ್ಲಂತೂ ಇನ್ನೂ ಹೆಚ್ಚು, ಗಾಳಿಯಲ್ಲಿ ತೇವ ತುಂಬಿರುತ್ತದೆ. ಮೇಜಿನ ಮೇಲೆ ಇಟ್ಟ ಗ್ರಿಡ್ ಸರಿಯಾಗಿ ಒಣಗುವುದೇ ಇಲ್ಲ. ಹೊಸ ಸಿಲಿಕಾ ಜೆಲ್ ಇರುವ ಡೆಸಿಕೇಟರ್‌ನಲ್ಲಿ ಒಂದು ರಾತ್ರಿ ಇಡಿ, ನಿರ್ವಾತ ಕೊಡಲು ಆದರೆ ಇನ್ನೂ ಒಳ್ಳೆಯದು. ಗ್ರಿಡ್ ಬಾಕ್ಸಿನ ಯಾವ ಗುಳಿಯಲ್ಲಿ ಯಾವ ನಿಮಿಷದ ಸ್ಯಾಂಪಲ್ ಇದೆ ಎಂದು ಎರಡು ಕಡೆ ಬರೆದಿಡಿ. ಬೆಳ್ಳಿ ಇರುವ ಗ್ರಿಡ್ ತಿಂಗಳುಗಟ್ಟಲೆ ಕಾಯುವುದಿಲ್ಲ. ಗಾಳಿಯ ಆಮ್ಲಜನಕ, ಗಂಧಕ ಸೇರಿ ಮೇಲ್ಮೈ ಬದಲಾಗುತ್ತದೆ. ಸ್ಲಾಟ್ ದಿನಾಂಕ ಗೊತ್ತಾದ ಮೇಲೆ ಕಣ ಮಾಡುವುದೇ ಜಾಣತನ.

ಎಲ್ಲಿ ನೋಡಬಹುದು

ಪುಣೆಯಲ್ಲಿ ಎನ್‌ಸಿಎಲ್ ಮತ್ತು ಅದರ ನೆರೆಯ ವಿಜ್ಞಾನ ಸಂಸ್ಥೆ ಐಸರ್, ಮುಂಬೈಯಲ್ಲಿ ಪವಾಯಿಯ ಐಐಟಿ ಬಾಂಬೆಯ ಸೈಫ್ ಕೇಂದ್ರ. ಸೈಫ್ ಇರುವುದೇ ಹೊರಗಿನವರಿಗೂ ಶುಲ್ಕ ಪಡೆದು ಉಪಕರಣ ಒದಗಿಸಲು. ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಇದೆ ಎಂದು ಹುಡುಕಲು ಐ-ಸ್ಟೆಮ್ ಪೋರ್ಟಲ್ ಇದೆ, ಅಲ್ಲೇ ಬುಕಿಂಗ್ ಕೂಡ ಮಾಡಬಹುದು. ಶುಲ್ಕ ಬದಲಾಗುತ್ತಿರುತ್ತದೆ, ವಿದ್ಯಾರ್ಥಿ ದರ ಇದೆಯೇ ಕೇಳಿ. ಫಾರ್ಮಿನಲ್ಲಿ ಸುಮ್ನೆ "ಟಿಇಎಂ" ಎಂದು ಬರೆಯಬೇಡಿ. ಸ್ಟೆಮ್ ವಿಧಾನ (ಸಣ್ಣ ಕಿರಣದಿಂದ ಬಿಂದು ಬಿಂದುವಾಗಿ ಸ್ಕ್ಯಾನ್ ಮಾಡುವುದು), ಎಚ್‌ಎಎಡಿಎಫ್ ಚಿತ್ರ (ದೊಡ್ಡ ಕೋನಕ್ಕೆ ಚದುರಿದ ಎಲೆಕ್ಟ್ರಾನ್‌ಗಳಿಂದ ಮೂಡುವ ಚಿತ್ರ), ಇಡಿಎಸ್ ನಕ್ಷೆ (ಹೊರಬರುವ ಎಕ್ಸ್-ರೇಯಿಂದ ಯಾವ ಧಾತು ಎಲ್ಲಿದೆ ಎಂದು ತೋರಿಸುವುದು) ಬೇಕು ಎಂದು ಬಿಡಿಸಿ ಬರೆಯಿರಿ. ಎಲ್ಲ ಟಿಇಎಂಗಳಲ್ಲೂ ಇವು ಇರುವುದಿಲ್ಲ. ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಇರುವ ಕಣವಾದರೆ ಮೊದಲೇ ತಿಳಿಸಲೇಬೇಕು. ಅಯಸ್ಕಾಂತೀಯ ಪುಡಿ ಹಾರಿ ಲೆನ್ಸಿಗೆ ಅಂಟಿಕೊಂಡರೆ ಉಪಕರಣಕ್ಕೇ ಹಾನಿ.

ಆಪರೇಟರ್ ಜೊತೆ ಸ್ಲಾಟಿನ ಹಿಂದಿನ ದಿನವೇ ಮಾತಾಡಿ. ಮರಾಠಿ ನಾಲ್ಕು ಮಾತು ಬಂದರೆ ಮಾತು ಸಲೀಸು. ಯುವಿ-ವಿಸಿಬಲ್ ಪ್ರಿಂಟ್ ಕೈಯಲ್ಲಿರಲಿ. ನಿಮಗೆ ಏನು ಬೇಕು ಎಂದು ಗೊತ್ತಿದೆ ಅಂತ ಅವರಿಗೆ ಅನ್ನಿಸಿದರೆ, ಅವರ ವರ್ಷಗಳ ಅನುಭವವೆಲ್ಲ ನಿಮ್ಮ ಕೆಲಸಕ್ಕೆ ಬರುತ್ತದೆ.

ಮೈಕ್ರೋಸ್ಕೋಪಿನ ಮುಂದೆ

200 ಕಿಲೋವೋಲ್ಟಿನಲ್ಲಿ ಎಲೆಕ್ಟ್ರಾನಿನ ತರಂಗಾಂತರ 0.0025 ನ್ಯಾನೋಮೀಟರ್. ಅದಕ್ಕೇ ಪರಮಾಣುಗಳ ಸಾಲು ಕಾಣುತ್ತದೆ. ಆದರೆ ಒಮ್ಮೆಲೇ ಅಲ್ಲಿಗೆ ಹೋಗಬೇಡಿ. ಮೊದಲು ಕಡಿಮೆ ವರ್ಧನೆಯಲ್ಲಿ ಇಡೀ ಗ್ರಿಡ್ ಸುತ್ತಿ ಬನ್ನಿ. ಎಲ್ಲಿ ಪದರ ಹರಿದಿದೆ, ಎಲ್ಲಿ ಕಣ ಹರಡಿವೆ ನೋಡಿ. ಗ್ರಿಡ್ ಜಾಲರಿಯ ನಾಲ್ಕೈದು ಬೇರೆ ಬೇರೆ ಚೌಕಗಳನ್ನು ಆರಿಸಿ. ಚೆಂದ ಕಾಣುವ ಒಂದೇ ಚೌಕದಲ್ಲಿ ಕೂತರೆ ನಿಮ್ಮ ಅಂಕಿಅಂಶ ಪಕ್ಷಪಾತಿಯಾಗುತ್ತದೆ. ಗಾತ್ರ ಎಣಿಸಲು ಪ್ರತಿ ಸಮಯಕ್ಕೆ ಕನಿಷ್ಠ 200 ಕಣ ಬೇಕು. ಫಿಜಿ ಎಂಬ ಉಚಿತ ತಂತ್ರಾಂಶ ಎಣಿಕೆಗೆ ಸಾಕು.

ಸಾಮಾನ್ಯ ಟಿಇಎಂ ಚಿತ್ರದಲ್ಲಿ ಕಣ ಕಪ್ಪಗೆ ಕಂಡರೆ ಅದು ಭಾರದ ಲೋಹ ಎಂದೇನಿಲ್ಲ. ಹರಳು ಕಿರಣಕ್ಕೆ ಸರಿಯಾದ ಕೋನದಲ್ಲಿ ನಿಂತರೂ ಕಪ್ಪಾಗುತ್ತದೆ. ಎಚ್‌ಎಎಡಿಎಫ್ ಚಿತ್ರದಲ್ಲಿ ಮಾತ್ರ ಹೊಳಪು ಪರಮಾಣು ಸಂಖ್ಯೆಯ ಜೊತೆ ಏರುತ್ತದೆ. ಚಿನ್ನ 79, ಬೆಳ್ಳಿ 47. ಒಂದೇ ದಪ್ಪ ಇದ್ದರೆ ಚಿನ್ನ ಜಾಸ್ತಿ ಇರುವ ಜಾಗ ಬೆಳ್ಳಗೆ ಬೆಳಗುತ್ತದೆ. ಚಿನ್ನದ ತಿರುಳು, ಬೆಳ್ಳಿಯ ಸಿಪ್ಪೆ ಇದ್ದರೆ ಇಲ್ಲೇ ಎದ್ದು ಕಾಣುತ್ತದೆ.

ಹರಳಿನ ಪರಮಾಣು ಸಾಲುಗಳಿಂದ ಚಿತ್ರದಲ್ಲಿ ಮೂಡುವ ಗೆರೆಗಳ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಚಿನ್ನದ ಹರಳಿನಲ್ಲಿ 111 ಎಂದು ಗುರುತಿಸುವ ಪರಮಾಣು ತಲಗಳ ಅಂತರ 0.2355 ನ್ಯಾನೋಮೀಟರ್, ಬೆಳ್ಳಿಯದು 0.2359. ವ್ಯತ್ಯಾಸ ಶೇಕಡಾ 0.2ರಷ್ಟೂ ಇಲ್ಲ. ಮೈಕ್ರೋಸ್ಕೋಪಿನ ಅಳತೆಯ ತಪ್ಪೇ ಅದಕ್ಕಿಂತ ದೊಡ್ಡದು. ಆದರೂ "0.236 ನ್ಯಾನೋಮೀಟರ್ ಗೆರೆ ಕಂಡಿದ್ದರಿಂದ ಇದು ಚಿನ್ನ-ಬೆಳ್ಳಿ ಮಿಶ್ರಲೋಹ" ಎಂಬ ವಾಕ್ಯ ಪ್ರಬಂಧಗಳಲ್ಲಿ ಬರುತ್ತಲೇ ಇದೆ. ಇದಕ್ಕೆ ಅರ್ಥವಿಲ್ಲ. ಎಲೆಕ್ಟ್ರಾನ್ ವಿವರ್ತನೆಯ ಉಂಗುರಗಳಿಗೂ ಇದೇ ಮಾತು. ಚಿನ್ನ-ತಾಮ್ರ ಆದರೆ ಬೇರೆ ವಿಷಯ. ತಾಮ್ರದ ಅಂತರ 0.2087, ಸಮಪಾಲಿನ ಮಿಶ್ರಲೋಹಕ್ಕೆ ಸುಮಾರು 0.222 ಬರುತ್ತದೆ. ಅಲ್ಲಿ ಗೆರೆಗಳು ನಿಜವಾಗಿ ಸಾಕ್ಷಿ ಹೇಳುತ್ತವೆ.

ಚಿನ್ನ-ಬೆಳ್ಳಿಗೆ ಸಾಕ್ಷಿ ಇಡಿಎಸ್. ಒಂದೊಂದೇ ಕಣದ ಮೇಲೆ ಮಾಡಬೇಕು, ಗುಂಪಿನ ಮೇಲೆ ಅಲ್ಲ. ಬೆಳ್ಳಿಯ ಎಕ್ಸ್-ರೇಯ ಎಲ್ ಗೆರೆ 2.98, ಚಿನ್ನದ ಎಂ ಗೆರೆ 2.12, ಎಲ್ ಗೆರೆ 9.71 ಕಿಲೋ ಎಲೆಕ್ಟ್ರಾನ್‌ವೋಲ್ಟ್. 2.62ರ ಮೇಲೂ ಕಣ್ಣಿಡಿ, ಅದು ಕ್ಲೋರಿನ್. ಬೆಳ್ಳಿ ಇದ್ದಲ್ಲೆಲ್ಲ ಕ್ಲೋರಿನ್ ಕಂಡರೆ ನೀವು ನೋಡುತ್ತಿರುವುದು ಸಿಲ್ವರ್ ಕ್ಲೋರೈಡ್. ಅದು ಕಿರಣದ ಕೆಳಗೆ ಒಡೆದು ಬೆಳ್ಳಿಯ ಕಣಗಳನ್ನೇ ಬಿಡುತ್ತದೆ, ನೋಡುನೋಡುತ್ತಾ ಕಣ ಹುಟ್ಟಿದ ಹಾಗೆ ಕಾಣುತ್ತದೆ. ಅದು ನಿಮ್ಮ ಪ್ರಯೋಗದ ಕಣವಲ್ಲ.

ಎರಡು ಬಣ್ಣದ ನಕ್ಷೆ ಒಂದರ ಮೇಲೊಂದು ಕೂತರೆ ಖುಷಿಯಾಗುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಸಿಪ್ಪೆ ಇರುವ ಕಣವನ್ನು ಮೇಲಿನಿಂದ ನೋಡಿದರೂ ಎರಡು ಬಣ್ಣ ಒಂದರ ಮೇಲೊಂದು ಬೀಳುತ್ತವೆ. ಕಣದ ಅಡ್ಡಕ್ಕೆ ಒಂದು ಗೆರೆ ಎಳೆದು ಏರಿಳಿತ ನೋಡಿ. ಸಮವಾಗಿ ಬೆರೆತಿದ್ದರೆ ಎರಡೂ ಲೋಹ ನಡುವೆ ಎತ್ತರ, ಅಂಚಿಗೆ ಇಳಿಜಾರು. ಸಿಪ್ಪೆಯಾಗಿದ್ದರೆ ಬೆಳ್ಳಿ ಎರಡೂ ಅಂಚಿನಲ್ಲಿ ಎತ್ತರ, ನಡುವೆ ತಗ್ಗು. 1 ನಿಮಿಷದ ಕಣ, 4 ನಿಮಿಷದ ಕಣ, 16 ನಿಮಿಷದ ಕಣದ ಈ ಗೆರೆಗಳನ್ನು ಅಕ್ಕಪಕ್ಕ ಇಟ್ಟರೆ ಬೆಳ್ಳಿ ಯಾವಾಗ, ಎಲ್ಲಿ ಸೇರಿತು ಎಂಬುದು ಕಣ್ಣಿಗೇ ಕಾಣುತ್ತದೆ. ನನಗೆ ಈ ಕೆಲಸದಲ್ಲಿ ಅತ್ಯಂತ ಇಷ್ಟವಾಗುವ ಭಾಗ ಇದು.

ಕ್ರಮವೂ ಮುಖ್ಯ. ಮೊದಲು ಚಿತ್ರ, ಆಮೇಲೆ ಇಡಿಎಸ್, ಕೊನೆಗೆ ಅದೇ ಕಣದ ಚಿತ್ರ ಮತ್ತೊಮ್ಮೆ. ಇಡಿಎಸ್‌ಗೆ ಕಿರಣ ಒಂದೇ ಜಾಗದಲ್ಲಿ ಬಹಳ ಹೊತ್ತು ಬೀಳುತ್ತದೆ. ಮೊದಲ ಮತ್ತು ಕೊನೆಯ ಚಿತ್ರದಲ್ಲಿ ಕಣದ ಆಕಾರ ಬದಲಾಗಿದ್ದರೆ ಆ ನಕ್ಷೆಯನ್ನು ನಂಬಬೇಡಿ. ಸ್ಕ್ಯಾನ್ ಮಾಡಿದ ಚೌಕ ಮಬ್ಬಾಗಿ ದಪ್ಪವಾಗುತ್ತಾ ಹೋದರೆ ಸ್ಯಾಂಪಲ್ ತೊಳೆದದ್ದು ಸಾಲದು, ಉಳಿದ ಸಾವಯವ ವಸ್ತು ಅಲ್ಲಿ ಕಾರ್ಬನ್ ಆಗಿ ಕೂರುತ್ತಿದೆ.

ಕಣ್ಣೆದುರೇ ಹುಟ್ಟುವುದನ್ನು ನೋಡಬೇಕೆಂದರೆ

ಮೇಲಿನದೆಲ್ಲ ನಿಲ್ಲಿಸಿ ನಿಲ್ಲಿಸಿ ತೆಗೆದ ಚಿತ್ರಗಳು. ನಡೆಯುತ್ತಿರುವಾಗಲೇ ನೋಡಲು ದ್ರವಕೋಶ ಬೇಕು. ಎರಡು ಸಿಲಿಕಾನ್ ಚಿಪ್, ನಡುವೆ ತೆಳ್ಳಗಿನ ದ್ರವ, ಕಿಟಕಿಗೆ ಕೆಲವು ಹತ್ತು ನ್ಯಾನೋಮೀಟರ್ ದಪ್ಪದ ಸಿಲಿಕಾನ್ ನೈಟ್ರೈಡ್. ಮೈಕ್ರೋಸ್ಕೋಪಿನ ನಿರ್ವಾತಕ್ಕೆ ದ್ರವ ಆವಿಯಾಗದಂತೆ ಇದು ತಡೆಯುತ್ತದೆ. 2009ರಲ್ಲಿ ಬರ್ಕ್ಲಿಯ ತಂಡವೊಂದು ಹೀಗೆ ಪ್ಲಾಟಿನಂ ಕಣಗಳು ಬೆಳೆಯುವುದನ್ನೂ, ಎರಡು ಕಣ ಸೇರಿ ಒಂದಾಗುವುದನ್ನೂ ವಿಡಿಯೋದಲ್ಲಿ ತೋರಿಸಿತು. 2012ರಲ್ಲಿ ನೈಟ್ರೈಡ್ ಬದಲು ಗ್ರಾಫೀನ್ ಹಾಳೆ ಬಂದಾಗ ಚಿತ್ರ ಇನ್ನೂ ಸ್ಪಷ್ಟವಾಯಿತು.

ಇಲ್ಲಿ ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಕಿರಣದ ಬಗ್ಗೆ. ಎಲೆಕ್ಟ್ರಾನ್ ಕಿರಣ ನೀರನ್ನು ಒಡೆಯುತ್ತದೆ. ಆಗ ಹುಟ್ಟುವ, ನೀರಿನ ಅಣುಗಳು ಸುತ್ತುವರಿದ ಎಲೆಕ್ಟ್ರಾನಿನ ವಿಭವ ಸುಮಾರು ಮೈನಸ್ 2.9 ವೋಲ್ಟ್. ಅದರ ಮುಂದೆ ಚಿನ್ನ, ಬೆಳ್ಳಿ ಎರಡೂ ಒಂದೇ. ಸಿಟ್ರೇಟ್‌ನಲ್ಲಿ ಚಿನ್ನ ಮೊದಲು, ಬೆಳ್ಳಿ ಆಮೇಲೆ ಬಂದಿದ್ದರೆ, ಇಲ್ಲಿ ಎರಡೂ ಒಟ್ಟಿಗೆ ಇಳಿಯಬಹುದು. ಕಿರಣ ಬರೀ ಬೆಳಕಲ್ಲ, ಅದೂ ಒಂದು ರಾಸಾಯನಿಕ. ಅದಕ್ಕೇ ಬಿದ್ದ ಕಿರಣದ ಪ್ರಮಾಣವನ್ನು ಲೆಕ್ಕ ಹಾಕಿಯೇ ಬರೆಯಬೇಕು. ಲೆಕ್ಕ ಸುಲಭ. 1 ನ್ಯಾನೋಆಂಪಿಯರ್ ಅಂದರೆ ಸೆಕೆಂಡಿಗೆ ಸುಮಾರು 624 ಕೋಟಿ ಎಲೆಕ್ಟ್ರಾನ್. ಅದು 1 ಮೈಕ್ರೋಮೀಟರ್ ಅಗಲದ ವೃತ್ತದಲ್ಲಿ ಹರಡಿದರೆ ಚದರ ಆಂಗ್‌ಸ್ಟ್ರಾಮಿಗೆ ಸೆಕೆಂಡಿಗೆ ಸುಮಾರು 80. ಈ ಅಂಕಿ ಇಲ್ಲದ ದ್ರವಕೋಶದ ವಿಡಿಯೋವನ್ನು ಬೇರೆಯವರು ಮತ್ತೆ ಮಾಡಿ ನೋಡಲು ಆಗುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ಒಂದು ಜಾಗದಲ್ಲಿ ಚಿತ್ರ ತೆಗೆದ ಮೇಲೆ, ಕಿರಣ ಒಮ್ಮೆಯೂ ಬೀಳದ ಕಿಟಕಿಯ ಇನ್ನೊಂದು ಮೂಲೆಗೆ ಹೋಗಿ ಕಡಿಮೆ ಪ್ರಮಾಣದಲ್ಲಿ ಒಂದೇ ಚಿತ್ರ ತೆಗೆಯಿರಿ. ಅಲ್ಲಿ ಕಣ ಇಲ್ಲದಿದ್ದರೆ ನೀವು ನೋಡಿದ ಬೆಳವಣಿಗೆ ಕಿರಣ ಮಾಡಿದ್ದು. ಅದನ್ನು ಹಾಗೆಂದೇ ಬರೆಯಿರಿ, ಅದೂ ಒಳ್ಳೆಯ ವಿಜ್ಞಾನವೇ. ಕಿರಣದ ಪ್ರಮಾಣ ಅರ್ಧ ಮಾಡಿ, ದುಪ್ಪಟ್ಟು ಮಾಡಿ ಬೆಳವಣಿಗೆಯ ವೇಗ ಹೇಗೆ ಬದಲಾಗುತ್ತದೆ ನೋಡಿದರೆ ಇನ್ನೂ ಗಟ್ಟಿ.

ದ್ರವಕೋಶದ ಹೋಲ್ಡರ್ ಎಲ್ಲ ಕಡೆ ಸಿಗುವುದಿಲ್ಲ. ಬಿಸಿ ಮಾಡುವ ಹೋಲ್ಡರ್ ಇದ್ದರೆ ಇನ್ನೊಂದು ದಾರಿ ಇದೆ. ಸಿಪ್ಪೆ ಇರುವ ಕಣವನ್ನು ಹೀಟಿಂಗ್ ಚಿಪ್ ಮೇಲೆ ಇಟ್ಟು ಮೆಲ್ಲನೆ ಬಿಸಿ ಮಾಡಿ. ಚಿನ್ನ ಕರಗುವುದು 1064, ಬೆಳ್ಳಿ 962 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಬಹಳ ಕೆಳಗೇ, ಕೆಲವು ನೂರು ಡಿಗ್ರಿಯಲ್ಲಿ, ಎಚ್‌ಎಎಡಿಎಫ್ ಚಿತ್ರದ ಬೆಳ್ಳನೆ ತಿರುಳಿನ ಗಡಿ ಅಳಿಸುತ್ತಾ ಹೋಗಿ ಇಡೀ ಕಣ ಒಂದೇ ಹೊಳಪಿಗೆ ಬರುತ್ತದೆ. ಪ್ರತಿ ಹಂತದಲ್ಲಿ ತಾಪ ನಿಲ್ಲಿಸಿ, ಕಿರಣ ಮುಚ್ಚಿ ಕಾಯಿರಿ, ಚಿತ್ರಕ್ಕೆ ಮಾತ್ರ ತೆರೆಯಿರಿ. ಜಾಸ್ತಿ ಬಿಸಿಯಾದರೆ ನಿರ್ವಾತದಲ್ಲಿ ಬೆಳ್ಳಿ ಆವಿಯಾಗಿ ಹೋಗುತ್ತದೆ. ಆಗ ಇಡಿಎಸ್ ಚಿನ್ನ ಹೆಚ್ಚಾಯಿತು ಎನ್ನುತ್ತದೆ, ನಿಜವಾಗಿ ಕಡಿಮೆಯಾದದ್ದು ಬೆಳ್ಳಿ. ಬಿಸಿ ಮಾಡುವ ಮೊದಲು ಮತ್ತು ನಂತರ ಕಣದ ವ್ಯಾಸ ಅಳೆದರೆ ಇದು ತಿಳಿಯುತ್ತದೆ.

ಮನೆಗೆ ಹೊರಡುವ ಮೊದಲು

ಜೆಪೆಗ್ ಮಾತ್ರ ತರಬೇಡಿ. ಉಪಕರಣದ ಮೂಲ ಕಡತ, ಡಿಎಂ3 ಇರಲಿ ಬೇರೆ ಇರಲಿ, ಅದನ್ನೇ ಕೇಳಿ ತೆಗೆದುಕೊಳ್ಳಿ. ಅಳತೆಪಟ್ಟಿ, ವೋಲ್ಟೇಜ್, ಸಮಯ ಎಲ್ಲ ಅದರಲ್ಲೇ ಇರುತ್ತದೆ. ಇಡಿಎಸ್‌ನ ಬರೀ ಶೇಕಡಾ ಕೋಷ್ಟಕ ಸಾಲದು, ಪೂರ್ತಿ ಸ್ಪೆಕ್ಟ್ರಮ್ ಬೇಕು, ಮುಂದೆ ನೀವೇ ಮತ್ತೆ ಲೆಕ್ಕ ಹಾಕಬಹುದು. ಕಿರಣದ ಪ್ರವಾಹ ಎಷ್ಟಿತ್ತು ಎಂದು ಆಪರೇಟರನ್ನು ಆಗಲೇ ಕೇಳಿ ಬರೆದುಕೊಳ್ಳಿ, ವಾರದ ನಂತರ ಯಾರಿಗೂ ನೆನಪಿರುವುದಿಲ್ಲ. ಚಿನ್ನ-ಬೆಳ್ಳಿಯ ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ, ಲೋಹದ ತ್ಯಾಜ್ಯದ ಬಾಟಲಿಗೆ ಹಾಕಿ. ಬಳಸಿದ ಗ್ರಿಡ್‌ಗಳನ್ನು ಎಸೆಯದೆ ಅವೇ ಗುಳಿಗಳಲ್ಲಿ ಡೆಸಿಕೇಟರಿನಲ್ಲಿಡಿ. ಯಾವ ಚೌಕ ನೋಡಿದಿರಿ ಎಂದು ಪುಟ್ಟ ನಕ್ಷೆ ಬರೆದಿಟ್ಟಿದ್ದರೆ, ಮಾರ್ಗದರ್ಶಕರು ಸಂಶಯ ಎತ್ತಿದಾಗ ಅದೇ ಚೌಕಕ್ಕೆ ಮತ್ತೆ ಹೋಗಿ ನೋಡಬಹುದು.